ನೀರಿನ ಬಣ್ಣ ಕೇಳಿದ ಮಧ್ಯಾಹ್ನ

ಟೆಗ್ವೆನ್ ಪ್ರೋಬರ್ಟ್ ನಮ್ಮೂರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಪಾಂಟ್‌ಹೆಲಿಗ್‌ನಲ್ಲಿ ಐವತ್ತರ ಒಳಗಿನ ಯಾರನ್ನೇ ನಿಲ್ಲಿಸಿ ಕೇಳಿ, ಅವಳು ಬಡಿಸಿದ ಕುರಿಮಾಂಸದ ಸಾರು ಉಂಡು ಬೆಳೆದವರೇ ಆಗಿರುತ್ತಾರೆ. ಕುಳ್ಳು ಆಳು, ಗಟ್ಟಿ ಮೈ, ಮಾತು ಕಡಿಮೆ. ಪಕ್ಷದ ಸದಸ್ಯತ್ವ ಪಡೆದು ನಲವತ್ತು ವರ್ಷವಾಗಿತ್ತು. ಆದರೂ ಸಭೆಗಳಲ್ಲಿ ಅವಳು ಕೇಳಿದ ಒಂದೇ ಪ್ರಶ್ನೆಯೆಂದರೆ ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂಬುದು.

ನಾನು ಇದ್ವಲ್. ಊರಿಗೆಲ್ಲ ಅಂಚೆ ಹಂಚಿದವನು, ನಿವೃತ್ತನಾದ ಮೇಲೆ ಪಕ್ಷದ ಊರ ಘಟಕಕ್ಕೆ ಅಧ್ಯಕ್ಷನಾದವನು. ನಮ್ಮ ವೇಲ್ಸ್‌ನ ಕಣಿವೆಗಳಲ್ಲಿ ಒಂದೇ ಹೆಸರಿನವರು ಹತ್ತು ಜನ ಇರುತ್ತಾರಾದ್ದರಿಂದ ಹೆಸರಿನ ಬಾಲಕ್ಕೆ ಕಸುಬನ್ನು ಅಂಟಿಸುವುದು ರೂಢಿ. ನಾನು ಇದ್ವಲ್ ಪೋಸ್ಟ್. ಅವಳು ಟೆಗ್ವೆನ್ ಬಕೆಟ್. ನನ್ನ ಹೆಸರು ಗೌರವಕ್ಕೆ ಬಂದದ್ದು, ಅವಳದು ಗೇಲಿಗೆ.

ಬಕೆಟ್ಟಿನ ಕಥೆ ಹೀಗೆ. ಊರಿನ ನೆತ್ತಿಯ ಮೇಲೆ ಹಳೆಯ ಗಣಿಯ ತಿಪ್ಪೆ ಇದೆ. ನೂರು ವರ್ಷ ಕಲ್ಲಿದ್ದಲು ತೆಗೆದು, ಬೇಡವಾದ ಕಲ್ಲು, ಮಣ್ಣು, ಬೂದಿಯನ್ನು ಬೆಟ್ಟದ ಮೇಲೆ ಸುರಿದೂ ಸುರಿದೂ ಎದ್ದು ನಿಂತ ಎರಡನೆಯ ಬೆಟ್ಟ ಅದು. ಗಣಿ ಮುಚ್ಚಿತು, ತಿಪ್ಪೆ ಉಳಿಯಿತು. ಅದರ ಮೇಲೆ ಹುಲ್ಲು ಬೆಳೆದು ಕುರಿಗಳು ಮೇಯತೊಡಗಿದವು. ಅದರ ಕೆಳಗೆ ಮೂವತ್ತನಾಲ್ಕು ಮನೆಗಳ ಒಂದು ಸಾಲು, ಮೇಲ್ಸಾಲು ಎಂದೇ ಹೆಸರು. ನಾವು ಇಬ್ಬರೂ ಅಲ್ಲಿಯವರೇ. ಟೆಗ್ವೆನ್‌ಗೆ ಒಂಬತ್ತು ವರ್ಷವಿದ್ದಾಗ ಇನ್ನೊಂದು ಕಣಿವೆಯಲ್ಲಿ ಇಂಥದೇ ತಿಪ್ಪೆ ಜಾರಿ ಶಾಲೆಯೊಂದನ್ನು ಹೂತುಹಾಕಿತ್ತು. ಸತ್ತ ಮಕ್ಕಳಲ್ಲಿ ಬಹಳಷ್ಟು ಜನ ಅವಳ ವಯಸ್ಸಿನವರು. ಆ ಊರಿನ ಹೆಸರನ್ನು ನಮ್ಮಲ್ಲಿ ಇಂದಿಗೂ ಯಾರೂ ದನಿ ಎತ್ತಿ ಹೇಳುವುದಿಲ್ಲ.

ಅವಳು ನಲವತ್ತು ದಾಟಿದ ವರ್ಷ ಒಬ್ಬ ಎಂಜಿನಿಯರ್ ಬಂದು ತಿಪ್ಪೆಯನ್ನು ನೋಡಿ ಹೋಗಿದ್ದ. ಶಾಲೆಯಲ್ಲಿ ಅವನಿಗೆ ಊಟ ಬಡಿಸುತ್ತ ಟೆಗ್ವೆನ್, ಅಪಾಯ ಇದ್ದರೆ ನಮ್ಮಂಥವರಿಗೆ ತಿಳಿಯುವುದು ಹೇಗೆ ಎಂದು ಕೇಳಿದಳಂತೆ. ನೀರಿನ ಮೇಲೆ ಕಣ್ಣಿಡಿ ಎಂದನಂತೆ ಅವನು, ಬಾಯಲ್ಲಿ ಆಲೂಗಡ್ಡೆ ಇಟ್ಟುಕೊಂಡೇ. ನೀರಿನಲ್ಲಿ ಏನು ನೋಡಬೇಕು ಎಂದು ಅವನು ಹೇಳಲಿಲ್ಲ. ಹಾಗಾಗಿ ಅವಳು ಅಳೆಯಲು ಬರುವುದನ್ನು ಅಳೆದಳು. ಮುಂದಿನ ಶನಿವಾರ ಬೆಳಿಗ್ಗೆ ತಿಪ್ಪೆಯ ಬುಡದ ಒರತೆಗೆ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಕೈಗಡಿಯಾರದಲ್ಲಿ ನೋಡಿ, ಪುಸ್ತಕದಲ್ಲಿ ಬರೆದಿಟ್ಟಳು. ಅದರ ಮುಂದಿನ ಶನಿವಾರವೂ ಹೋದಳು. ಗಂಡ ತೀರಿಕೊಂಡ ವಾರವೂ ತಪ್ಪಿಸಲಿಲ್ಲ. ಹೀಗೆ ಇಪ್ಪತ್ತಾರು ವರ್ಷ.

ಹನ್ನೊಂದು ವರ್ಷದ ಹಿಂದೆ, ಒಂದು ಬಿರುಗಾಳಿ ಮಳೆಯ ವಾರದಲ್ಲಿ, ಬಕೆಟ್ ಏಳೇ ಸೆಕೆಂಡಿಗೆ ತುಂಬಿತು. ಟೆಗ್ವೆನ್ ಮೇಲ್ಸಾಲಿನ ಒಂದೊಂದು ಬಾಗಿಲನ್ನೂ ಬಡಿದಳು. ನಾವೆಲ್ಲ ಮುದುಕರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಶಾಲೆಯ ನೆಲದ ಮೇಲೆ ರಾತ್ರಿ ಕಳೆದೆವು. ಏನೂ ಆಗಲಿಲ್ಲ. ಬೆಳಿಗ್ಗೆ ಊರಾಡಳಿತದ ಕೌನ್ಸಿಲ್ ಕಚೇರಿಯವನೊಬ್ಬ ಬಂದು ಎಲ್ಲ ಸರಿಯಿದೆ ಎಂದು ಹೇಳಿ ಹೋದ. ಅಂದಿನಿಂದ ಅವಳು ಟೆಗ್ವೆನ್ ಬಕೆಟ್. ಆ ಹೆಸರಿಟ್ಟವನು ಕ್ಲೆಡ್ವಿನ್, ಇಪ್ಪತ್ತೆರಡು ವರ್ಷ ಗಣಿಯೊಳಗೆ ದುಡಿದು ಮಂಡಿ ಸವೆಸಿಕೊಂಡ ಮುದುಕ. ನಾನೇನೂ ಕಡಿಮೆ ಇರಲಿಲ್ಲ. ಕಾಗದ ಕೊಡುವಾಗಲೆಲ್ಲ, ಬೆಟ್ಟ ಇವತ್ತು ಎಲ್ಲಿಯ ತನಕ ಬಂತು ಎಂದು ಕೇಳುತ್ತಿದ್ದೆ. ಅಲ್ಲೇ ಇದೆ ಇದ್ವಲ್ ಎನ್ನುತ್ತಿದ್ದಳು. ವರ್ಷಗಟ್ಟಲೆ ಅದೇ ಪ್ರಶ್ನೆ, ಅದೇ ಉತ್ತರ. ಅವಳು ಒಮ್ಮೆಯೂ ನಗಲಿಲ್ಲ ಎಂಬುದು ಆಗ ನನ್ನ ಗಮನಕ್ಕೇ ಬರಲಿಲ್ಲ.

ಇನ್ನು ಆ ಶನಿವಾರದ ವಿಷಯ. ನಮ್ಮ ಪಕ್ಷದ ನಾಯಕರು ರಾಜೀನಾಮೆ ಕೊಟ್ಟು, ಅವರ ಜಾಗಕ್ಕೆ ಮೂವರು ನಿಂತಿದ್ದರು. ಆರಿಸುವವರು ಸದಸ್ಯರು. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತಿತ್ತು. ಅದರ ನಡುವೆ ಅಭ್ಯರ್ಥಿಗಳು ಊರೂರಿಗೆ ಬಂದು ಸದಸ್ಯರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಹಾಗೆ ಆರಿಸಿದ ಎಂಟು ಊರುಗಳಲ್ಲಿ ನಮ್ಮದೂ ಒಂದು. ಮಾರ್ಚ್ ತಿಂಗಳು, ಎರಡು ದಿನದಿಂದ ಬಿಡದೆ ಮಳೆ. ಗಣಿ ಕಾರ್ಮಿಕರು ತಮ್ಮ ಕೂಲಿಯಲ್ಲಿ ಚಂದಾ ಹಾಕಿ ಕಟ್ಟಿಸಿದ ಹಳೆಯ ಸಭಾಂಗಣದಲ್ಲಿ ಮುನ್ನೂರು ಜನ ಒದ್ದೆ ಕೋಟುಗಳೊಂದಿಗೆ ಕೂತಿದ್ದರು.

ಪಕ್ಷದ ಕೇಂದ್ರ ಕಚೇರಿಯಿಂದ ಬಂದ ಹೆಂಗಸು ನಿಯಮಗಳನ್ನು ನನ್ನ ಕೈಗಿತ್ತಳು. ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು, ಅಧ್ಯಕ್ಷ ಹನ್ನೆರಡನ್ನು ಆರಿಸಬೇಕು. ಪ್ರಶ್ನೆಗೆ ಅರ್ಧ ನಿಮಿಷ, ಉತ್ತರಕ್ಕೆ ಒಂದು ನಿಮಿಷ. ಹೊತ್ತು ಮೀರಿದರೆ ಕೆಂಪು ದೀಪ. ಪೆಟ್ಟಿಗೆಯಲ್ಲಿ ಟೆಗ್ವೆನ್ ಚೀಟಿಯೂ ಇತ್ತು. ಮೊದಲ ಸಾಲಿನಲ್ಲಿ ಬಕೆಟ್ ಎಂಬ ಪದ ಕಂಡಿದ್ದೇ ಪೂರ್ತಿ ಓದದೆ ಮಡಚಿ ಜೇಬಿಗೆ ಹಾಕಿಕೊಂಡೆ. ಟಿವಿಯವರು ಬಂದಿದ್ದರು. ದೊಡ್ಡವರ ಮುಂದೆ ಊರಿನ ಮಾನ ಹೋಗುವುದು ಬೇಡ ಎಂದುಕೊಂಡೆ. ಚಹಾದ ಮೇಜಿನಿಂದ ಬಂದು ಅವಳು, ತನ್ನ ಚೀಟಿ ಸಿಕ್ಕಿತೇ ಎಂದು ವಿಚಾರಿಸಿದಳು. ಬಹಳ ಚೀಟಿ ಬಂದಿವೆ ಎಂದು ಹಾರಿಕೆಯ ಮಾತಾಡಿದೆ. ತಲೆಯಾಡಿಸಿ ಹೋಗಿ ಕ್ಲೆಡ್ವಿನ್ ಪಕ್ಕ ಕುಳಿತಳು.

ವೇದಿಕೆಯ ಮೇಲಿದ್ದ ಮೂವರನ್ನೂ ಹೇಳಿಬಿಡುತ್ತೇನೆ. ರೋದ್ರಿ ಬೇನನ್, ಹಿಂದೆ ಮಂತ್ರಿಯಾಗಿದ್ದವನು, ಹೊಳೆಯುವ ಬೂಟು, ನಿಮಿಷಕ್ಕೆ ಸರಿಯಾಗಿ ಮುಗಿಯುವ ಮಾತು. ಸ್ಟೆಫನ್ ಆಲ್ಡ್ರಿಜ್, ವಕೀಲ, ಸಭೆಯನ್ನು ನಗಿಸಲೂ ರೇಗಿಸಲೂ ಬಲ್ಲವನು. ಲೌರಿ ಹ್ಯಾವರ್ಡ್, ಪಶ್ಚಿಮದ ಹಳ್ಳಿಗಾಡಿನಿಂದ ಬಂದ ನಲವತ್ತರ ಹೆಂಗಸು. ಅವಳು ಗೆಲ್ಲುತ್ತಾಳೆ ಎಂದು ಅವಳ ಕಡೆಯವರೂ ಹೇಳುತ್ತಿರಲಿಲ್ಲ.

ನಮ್ಮವರು ಸುಮ್ಮನೆ ಬಿಡುವ ಜನವಲ್ಲ. ಆಸ್ಪತ್ರೆಯಲ್ಲಿ ನೆಲ ಒರೆಸುವ ಒಬ್ಬಳು ಎದ್ದು, ಆಸ್ಪತ್ರೆಯಿಂದ ನಮ್ಮೂರಿಗೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ಮೂವರನ್ನೂ ಕೇಳಿದಳು. ಮೂವರಿಗೂ ಗೊತ್ತಿರಲಿಲ್ಲ. ಬೇನನ್ ಸಾರಿಗೆ ನೀತಿಯ ಬಗ್ಗೆ ಹೇಳತೊಡಗಿದಾಗ, ಏಳೂವರೆಗೆ ಸ್ವಾಮಿ, ನನ್ನ ಕೆಲಸ ಮುಗಿಯೋದು ಎಂಟಕ್ಕೆ ಎಂದು ಹೇಳಿ ಕುಳಿತಳು. ಸಭೆ ಗೊಳ್ಳೆಂದಿತು. ಇನ್ನೊಬ್ಬ ಆಲ್ಡ್ರಿಜ್‌ನನ್ನು, ಹೋದ ಚುನಾವಣೆಯಲ್ಲಿ ನಮ್ಮನೆಗೆ ಬಂದು ಎರಡು ಕಪ್ ಚಹಾ ಕುಡಿದಿರಿ, ನನ್ನ ಹೆಸರು ನೆನಪಿದೆಯೇ ಎಂದು ಕೇಳಿದ.

ಒಂಬತ್ತನೆಯದು ಕ್ಲೆಡ್ವಿನ್‌ನ ಸರದಿ. ಗಣಿಯವರ ಪಿಂಚಣಿಯ ಪ್ರಶ್ನೆ ಅವನದು. ಹೆಸರು ಕರೆದೆ. ಅವನು ಕೂತಲ್ಲಿಂದಲೇ ಕೈಯೆತ್ತಿದ.

"ಇದ್ವಲ್ ಬಾಚ್," ಎಂದ. ಬಾಚ್ ಎಂದರೆ ನಮ್ಮಲ್ಲಿ ಮರಿ, ತಮ್ಮಾ ಎಂದಂತೆ. "ಪಿಂಚಣಿ ಪ್ರಶ್ನೆ ಮೂವತ್ತು ವರ್ಷದಿಂದ ಕೇಳ್ತಿದೀನಿ, ಇನ್ನೊಂದಿನ ಕೇಳ್ತೀನಿ. ನನ್ನ ಸರದಿ ಇವಳಿಗೆ ಕೊಟ್ಟೆ. ಇವಳ ಕೈಲಿರೋ ಕಪ್ಪು ಆಗಿನಿಂದ ತಟ್ಟೆ ಮೇಲೆ ಗಡಗಡ ಅಂತಿದೆ. ಏನಾಯ್ತು ಅಂದ್ರೆ ಬಾಯಿ ಬಿಡ್ತಿಲ್ಲ. ಇಲ್ಲಾದ್ರೂ ಹೇಳ್ಲಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೇಂದ್ರ ಕಚೇರಿಯ ಹೆಂಗಸು ನನ್ನ ಮುಖ ನೋಡಿದಳು. ನಾನು ಬೇಡವೆನ್ನಲಾರದೆ ತಲೆಯಾಡಿಸಿದೆ.

ಟೆಗ್ವೆನ್ ಎದ್ದು ನಿಂತಳು. ಮೈಕು ಬೇಡವೆಂದಳು. ಇನ್ನೂರು ಮಕ್ಕಳ ಗದ್ದಲದ ಮೇಲೆ ಮಾತಾಡಿ ರೂಢಿಯಾದ ಗಂಟಲು ಅದು.

"ಇಪ್ಪತ್ತಾರು ವರ್ಷದಿಂದ ಪ್ರತಿ ಶನಿವಾರ ತಿಪ್ಪೆ ಬುಡದ ಒರತೆಗೆ ನಾನು ಬಕೆಟ್ ಹಿಡೀತೀನಿ. ಬೇಸಿಗೇಲಿ ತುಂಬೋಕೆ ನಲವತ್ತು ಸೆಕೆಂಡ್ ಬೇಕು. ಚಳಿಗಾಲದಲ್ಲಿ ಹದಿನೈದು. ಇವತ್ತು ಬೆಳಿಗ್ಗೆ ಒಂಬತ್ತು. ನೀವೇನು ಮಾಡ್ತೀರಿ ಅಂತ ನಾನು ಕೇಳ್ತಿಲ್ಲ. ನಾಯಕರಾಗೋಕೆ ಬಂದಿದೀರಿ. ಇಷ್ಟು ಕೇಳಿಸ್ಕೊಂಡ ಮೇಲೆ ನಿಮಗೆ ಇನ್ನೇನು ತಿಳ್ಕೋಬೇಕು ಅನ್ಸುತ್ತೆ? ನನ್ನನ್ನ ಏನು ಕೇಳ್ತೀರಿ? ಅಷ್ಟೇ."

ಹೀಗೆ ಪ್ರಶ್ನೆಯನ್ನೇ ತಿರುಗಿಸಿ ಕೊಟ್ಟದ್ದನ್ನು ಆ ಸಭಾಂಗಣ ಕಂಡಿರಲಿಲ್ಲ. ಒಂದು ಗಳಿಗೆ ಎಲ್ಲರೂ ಅವಳನ್ನೇ ನೋಡಿದರು.

ಬೇನನ್ ಮೊದಲಿಗ. ಅವಳ ನಿಷ್ಠೆಯನ್ನು ಹೊಗಳಿದ, ತಿಪ್ಪೆಗಳಿಗೆಂದೇ ಹೊಸ ಕಾನೂನು ತರುವುದಾಗಿ, ಪರಿಶೀಲನೆಗೆ ಪ್ರತ್ಯೇಕ ಇಲಾಖೆ ಮಾಡುವುದಾಗಿ ಹೇಳಿದ. ಐವತ್ತೊಂಬತ್ತನೆಯ ಸೆಕೆಂಡಿಗೆ ಮುಗಿಸಿದ. ಚಪ್ಪಾಳೆ ಬಿತ್ತು. ಅದು ನಿಲ್ಲುವ ತನಕ ಟೆಗ್ವೆನ್ ಕಾದಳು.

"ಒಳ್ಳೆ ಉತ್ತರ," ಎಂದಳು. "ನಾನು ಕೇಳಿದ್ದು ಪ್ರಶ್ನೆ."

ಸಭೆ ನಕ್ಕಿತು, ಬೇನನ್ ಕೂಡ ನಕ್ಕ. ಆಲ್ಡ್ರಿಜ್ ಹುಷಾರಿನವನು, ಪ್ರಶ್ನೆಯನ್ನೇ ಕೇಳಿದ. ಇಷ್ಟು ವರ್ಷ ನಿಮ್ಮಂಥ ತಾಯಿಯ ಮಾತಿಗೆ ಯಾವ ಸರ್ಕಾರವೂ ಯಾಕೆ ಕಿವಿಗೊಡಲಿಲ್ಲ ಎಂದು ದನಿಯೇರಿಸಿ ಕೇಳಿದ. ಮೊದಲಿಗಿಂತ ದೊಡ್ಡ ಚಪ್ಪಾಳೆ. ಅದನ್ನು ನನ್ನನ್ನಲ್ಲ, ಕಿವಿಗೊಡದವರನ್ನು ಕೇಳಬೇಕಲ್ಲವೇ ಎಂದಳು ಟೆಗ್ವೆನ್. ಅವಳ ಮುಖದಲ್ಲಿ ಏನೋ ಮುಚ್ಚಿಕೊಳ್ಳುತ್ತಿರುವುದು ನನಗೆ ವೇದಿಕೆಯಿಂದ ಕಾಣುತ್ತಿತ್ತು. ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು, ಹೊರಡುವವಳ ಹಾಗೆ.

ಲೌರಿ ಹ್ಯಾವರ್ಡ್ ಮಾತೇ ಆಡಲಿಲ್ಲ. ಗಡಿಯಾರ ಓಡುತ್ತಿತ್ತು. ಹತ್ತು ಸೆಕೆಂಡ್, ಇಪ್ಪತ್ತು, ಮೂವತ್ತು. ಈಕೆಗೆ ಮಾತು ತೋಚುತ್ತಿಲ್ಲ ಎಂದು ಜನ ಕುರ್ಚಿಯಲ್ಲಿ ಮಿಸುಕಾಡಿದರು. ಅವಳು ಯಾರನ್ನೂ ನೋಡದೆ, ಎದುರಿಗಿದ್ದ ನೀರಿನ ಲೋಟವನ್ನು ನೋಡುತ್ತಿದ್ದಳು. ಕೆಂಪು ದೀಪ ಹತ್ತುವುದಕ್ಕೆ ಸ್ವಲ್ಪ ಮೊದಲು ತಲೆಯೆತ್ತಿದಳು.

"ಮಿಸೆಸ್ ಪ್ರೋಬರ್ಟ್, ನೀರಿನ ಬಣ್ಣ ಹೇಗಿತ್ತು?"

ಟೆಗ್ವೆನ್ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಬೂದಿ ಬಣ್ಣ," ಎಂದಳು. "ಇಪ್ಪತ್ತಾರು ವರ್ಷದಲ್ಲಿ ಇವತ್ತೇ ಮೊದಲು. ಮಳೆಗಿರಬಹುದು ಅಂದ್ಕೊಂಡೆ."

"ಹಿಂದೆ ಜೋರು ಮಳೆ ಬಂದಾಗ?"

"ಹನ್ನೊಂದು ವರ್ಷದ ಹಿಂದೆ ಏಳು ಸೆಕೆಂಡಿಗೆ ತುಂಬಿತ್ತು. ಆದ್ರೆ ನೀರು ತಿಳಿಯಾಗಿತ್ತು. ಕುಡೀಬಹುದಿತ್ತು."

"ಇವತ್ತು ಬಕೆಟ್ ತಳದಲ್ಲಿ ಏನಾದ್ರೂ ಕೂತಿತ್ತಾ?"

"ಒಂದು ಬೆರಳಷ್ಟು ಕೆಸರು."

ಕೆಂಪು ದೀಪ ಹತ್ತಿ ಉರಿಯುತ್ತಲೇ ಇತ್ತು. ಅದರ ಕಡೆ ಯಾರ ಗಮನವೂ ಇರಲಿಲ್ಲ. ಆಗ ಮಂಡಿ ಸವೆದ ಕ್ಲೆಡ್ವಿನ್ ಎದ್ದು ನಿಂತ. ಕೋಲು ಕೆಳಗೆ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಮೂರನೆಯ ಸಾಲಿನಲ್ಲಿ ಇನ್ನೊಬ್ಬ ಎದ್ದ. ಗೋಡೆಯ ಪಕ್ಕ ಇಬ್ಬರು. ಆಮೇಲೆ ಅಲ್ಲಲ್ಲಿ, ಒಬ್ಬರಾದ ಮೇಲೆ ಒಬ್ಬರು, ಭೂಮಿಯೊಳಗೆ ದುಡಿದ ಮುದುಕರೆಲ್ಲ ಎದ್ದು ನಿಂತರು. ಒಳಗಿನಿಂದ ಮಣ್ಣು ಹೊತ್ತು ಬರುವ ನೀರು ಏನು ಹೇಳುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಎಷ್ಟೋ ಸಾವಿನ ಮನೆಗಳಿಗೆ ತಂತಿ ಒಯ್ದವನು, ಎಷ್ಟೋ ದೊಡ್ಡ ಸಭೆಗಳನ್ನು ಕಂಡವನು. ಮುನ್ನೂರು ಜನ ಒಟ್ಟಿಗೆ ಉಸಿರು ಹಿಡಿದ ಅಂಥ ಮೌನವನ್ನು ಬೇರೆಲ್ಲೂ ಕೇಳಿಲ್ಲ. ಹೊರಗೆ ಮಳೆ ಬೀಳುವ ಸದ್ದು ಒಂದೇ.

"ಬೆಟ್ಟ ಒಳಗಿಂದ ಕರಗ್ತಿದೆ," ಎಂದ ಕ್ಲೆಡ್ವಿನ್, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ.

ಲೌರಿ ನನ್ನ ಕಡೆ ತಿರುಗಿ ಮೆಲ್ಲಗೆ, "ಅಧ್ಯಕ್ಷರೇ, ಸಭೆ ಇಲ್ಲಿಗೆ ಸಾಕು," ಎಂದಳು.

ಆಮೇಲೆ ನಡೆದದ್ದರಲ್ಲಿ ಮೂವರೂ ದೊಡ್ಡವರಾಗಿಯೇ ನಡೆದುಕೊಂಡರು, ಅದನ್ನು ಮುಚ್ಚಿಡಬಾರದು. ಶನಿವಾರ ಕಚೇರಿಗಳೆಲ್ಲ ಬಾಗಿಲು ಹಾಕಿದ್ದವು. ಬೆಳಿಗ್ಗೆ ಟೆಗ್ವೆನ್ ಫೋನ್ ಮಾಡಿದಾಗಲೂ ಸೋಮವಾರ ಕರೆ ಮಾಡಿ ಎಂಬ ಯಂತ್ರದ ದನಿಯಷ್ಟೇ ಸಿಕ್ಕಿತ್ತಂತೆ. ಯಾರನ್ನು ಮನೆಯಿಂದ ಎಬ್ಬಿಸಬೇಕು ಎಂಬುದು ಬೇನನ್‌ಗೆ ಗೊತ್ತಿತ್ತು. ಅವನು ಸಭಾಂಗಣದ ಮೆಟ್ಟಿಲ ಮೇಲೆ ನಿಂತು ಆರು ಜನಕ್ಕೆ ಫೋನ್ ಮಾಡಿ, ಎರಡು ಗಂಟೆಯೊಳಗೆ ಒಬ್ಬ ಎಂಜಿನಿಯರ್ ಬರುವ ಹಾಗೆ ಮಾಡಿದ. ಆಲ್ಡ್ರಿಜ್ ಮೇಲ್ಸಾಲಿನ ಮನೆಮನೆಗೂ ಹೋದ. ತನ್ನ ನಾಯಿಯನ್ನು ಬಿಟ್ಟು ಹೊರಡಲೊಪ್ಪದ ಮುದುಕಿಯೊಬ್ಬಳನ್ನು ಮಾತಾಡಿಸಿ ಮಾತಾಡಿಸಿ, ಕೊನೆಗೆ ನಾಯಿಯನ್ನು ತಾನೇ ಎತ್ತಿಕೊಂಡು ಬಂದ. ಲೌರಿ ಟೆಗ್ವೆನ್ ಜೊತೆ ಒರತೆಯ ತನಕ ಹತ್ತಿದಳು. ಅವಳಪ್ಪ ಹಳ್ಳಿಗಳಲ್ಲಿ ಬಾವಿ ತೋಡುತ್ತಿದ್ದವನಂತೆ. ತಿಳಿನೀರು ಬರೀ ನೀರು, ಕದಡಿದ ನೀರಾದರೆ ಅದು ಎಲ್ಲಿಂದಲೋ ಏನನ್ನೋ ಕದ್ದು ತರುತ್ತಿದೆ ಎಂದು ಅವನು ಹೇಳುತ್ತಿದ್ದನಂತೆ. ಹತ್ತುವ ದಾರಿಯಲ್ಲಿ ಇದನ್ನು ಅವಳೇ ಹೇಳಿದಳು.

ಎಂಜಿನಿಯರ್ ತಿಪ್ಪೆಯ ನೆತ್ತಿಗೆ ಹೋದವನು ಬೇಗ ಇಳಿದು ಬಂದ. ಹುಲ್ಲಿನ ನಡುವೆ ತೋಳು ಹೋಗುವಷ್ಟು ಅಗಲದ ಬಿರುಕು ಬಿಟ್ಟಿತ್ತಂತೆ. ಮಬ್ಬುಗತ್ತಲಾಗುವಷ್ಟರಲ್ಲಿ ಮೇಲ್ಸಾಲು ಖಾಲಿಯಾಯಿತು. ಹನ್ನೊಂದು ವರ್ಷದ ಹಿಂದಿನ ಹಾಗೆಯೇ ಮತ್ತೆ ಶಾಲೆಗೆ ನಡೆದೆವು. ಈ ಸಲ ಯಾರೂ ತಮಾಷೆ ಮಾಡಲಿಲ್ಲ.

ಭಾನುವಾರ ಕಳೆಯಿತು. ಏನೂ ಆಗಲಿಲ್ಲ. ಸೋಮವಾರ ಮಳೆ ನಿಂತು ಬಿಸಿಲು ಬಿತ್ತು. ಮನೆಗೆ ಹೋಗಿ ಕೋಳಿಗೆ ಕಾಳು ಹಾಕಿ ಬರುತ್ತೇವೆ ಎಂದು ಕೆಲವರು ಗೊಣಗತೊಡಗಿದರು. ಟೆಗ್ವೆನ್ ತನ್ನ ಹಳೆಯ ಅಡುಗೆಮನೆಗೆ ಹೋಗಿ ನೂರು ಜನಕ್ಕೆ ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿಯ ಸಾರು ಮಾಡುತ್ತಿದ್ದಳು. ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ನಾನು ಪಾತ್ರೆ ತೊಳೆಯಲು ನಿಂತೆ.

"ಈ ಸಲಾನೂ ಏನೂ ಆಗ್ದಿದ್ರೆ, ಇದ್ವಲ್," ಎಂದಳು, ಸಾರು ಕಲಕುತ್ತ. "ನಾನು ಈ ಊರಲ್ಲಿ ಇರೋಕಾಗಲ್ಲ. ಆದ್ರೂ ಏನೂ ಆಗ್ದೇ ಇರ್ಲಿ."

ಅವಳ ಚೀಟಿಯನ್ನು ಜೇಬಿಗೆ ಹಾಕಿಕೊಂಡದ್ದನ್ನು ಹೇಳಿಬಿಟ್ಟೆ.

"ಗೊತ್ತಿತ್ತು," ಎಂದಳು. "ಚೀಟಿ ನಿನ್ನ ಜೇಬಿಂದ ಅರ್ಧ ಇಣುಕ್ತಿತ್ತು. ಆ ದೊಡ್ಡ ಪಾತ್ರೆ ಸರಿಯಾಗಿ ಉಜ್ಜು."

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಅದು ಬಂತು. ಮೊದಲು ಸದ್ದೇ ಇರಲಿಲ್ಲ. ಶಾಲೆಯ ಕಿಟಕಿಯಿಂದ ನೋಡುತ್ತಿದ್ದವರಿಗೆ ಹಸಿರು ಗುಡ್ಡದ ಒಂದು ಮಗ್ಗುಲು ಸುಕ್ಕುಗಟ್ಟಿದಂತೆ ಕಂಡಿತು. ಆಮೇಲೆ ಹುಲ್ಲು, ಬೇಲಿ, ಒಂದು ಒಂಟಿ ಮರ ನಿಂತ ಹಾಗೇ ಕೆಳಗೆ ಹೊರಟವು. ಮರ ಬೀಳಲಿಲ್ಲ, ನೆಟ್ಟಗೆ ನಿಂತುಕೊಂಡೇ ನಡೆದು ಬಂತು. ಅದರ ಹಿಂದೆ ಕಪ್ಪು. ಆಗ ಬಂದದ್ದು ಸದ್ದು, ನೆಲದೊಳಗಿನಿಂದ, ನಮ್ಮ ಅಂಗಾಲಿನ ಮೂಲಕ. ಒಂದು ನಿಮಿಷವೂ ಹಿಡಿಯಲಿಲ್ಲ. ಕಣ್ಣು ಬಿಟ್ಟು ನೋಡುವಾಗ ಮೇಲ್ಸಾಲಿನ ಆರು ಮನೆಗಳು ಮಹಡಿಯ ಕಿಟಕಿಯ ತನಕ ಕಪ್ಪು ಕೆಸರಿನೊಳಗೆ ಕೂತಿದ್ದವು. ನಾಲ್ಕನೆಯದು ನನ್ನದು. ಆ ಹೊತ್ತಿಗೆ ದಿನವೂ ನಾನು ಅಡುಗೆಮನೆಯ ಕಿಟಕಿಯ ಪಕ್ಕ ಕೂತು ಎರಡನೆಯ ಚಹಾ ಕುಡಿಯುತ್ತಿರುತ್ತಿದ್ದೆ.

ಒಂದೇ ಒಂದು ಪ್ರಾಣ ಹೋಗಲಿಲ್ಲ. ಶಾಲೆಯ ಅಂಗಳದಲ್ಲಿ ಹೆಸರು ಕೂಗಿ ಎಣಿಸಿದೆವು. ಕೊನೆಯ ಹೆಸರಿಗೂ ಓ ಎಂಬ ಉತ್ತರ ಬಂದಾಗ ಜನ ಟೆಗ್ವೆನ್‌ಳನ್ನು ಹುಡುಕಿದರು. ಅವಳು ಅಡುಗೆಮನೆಯ ಮೂಲೆಯಲ್ಲಿ, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಒಂದು ಸ್ಟೂಲಿನ ಮೇಲೆ ಕೂತಿದ್ದಳು. ಕ್ಲೆಡ್ವಿನ್ ಕೋಲೂರಿಕೊಂಡು ಹೋಗಿ ಅವಳ ಮುಂದೆ ಟೋಪಿ ತೆಗೆದು ನಿಂತ. ನಮ್ಮಲ್ಲಿ ಗಂಡಸರು ಟೋಪಿ ತೆಗೆಯುವುದು ಚರ್ಚಿನಲ್ಲಿ ಮತ್ತು ಶವದ ಮುಂದೆ ಮಾತ್ರ. ಅವನ ಹಿಂದೆ ಉಳಿದವರೂ ತೆಗೆದರು. ನಾನೂ ತೆಗೆದೆ. ಆ ಕುಳ್ಳು ಹೆಂಗಸನ್ನು ನೋಡುತ್ತಿದ್ದರೆ, ಇಷ್ಟು ವರ್ಷ ದಿನವೂ ಕಾಗದ ಕೊಟ್ಟ ಬಾಗಿಲ ಹಿಂದೆ ಎಂಥವಳಿದ್ದಳು ಎಂದು ನನಗೆ ಮೈ ಜುಮ್ಮೆಂದಿತು.

ಎರಡು ವಾರದ ಮೇಲೆ ಫಲಿತಾಂಶ ಬಂತು. ಗೆದ್ದವನು ಬೇನನ್. ಆಲ್ಡ್ರಿಜ್ ಎರಡನೆಯವನು. ಲೌರಿ ಮೂರನೆಯವಳು, ಬಹಳ ಹಿಂದೆ. ನಮ್ಮ ಸಭೆ ನಡೆಯುವ ಮೊದಲೇ ಅರ್ಧಕ್ಕೂ ಹೆಚ್ಚು ಸದಸ್ಯರು ಮತಪತ್ರವನ್ನು ಅಂಚೆಗೆ ಹಾಕಿ ಆಗಿತ್ತು.

ಬೇಸಿಗೆಯಲ್ಲಿ ಲೌರಿ ಒಬ್ಬಳೇ ಕಾರು ಓಡಿಸಿಕೊಂಡು ಬಂದಳು, ಪತ್ರಿಕೆಯವರಿಗೆ ಹೇಳದೆ. ನನಗೂ ಟೆಗ್ವೆನ್‌ಗೂ ಕೌನ್ಸಿಲ್‌ನವರು ಕಣಿವೆಯ ತಳದಲ್ಲಿ ಅಕ್ಕಪಕ್ಕದ ಮನೆ ಕೊಟ್ಟಿದ್ದರು. ಮೂವರೂ ಟೆಗ್ವೆನ್ ಮನೆಯಲ್ಲಿ ಕೂತೆವು. ಕಾವಲಿಯ ಮೇಲೆ ಸುಟ್ಟ ಒಣದ್ರಾಕ್ಷಿಯ ಸಿಹಿರೊಟ್ಟಿ, ಚಹಾ. ಟೆಗ್ವೆನ್ ಬಹಳ ಹೊತ್ತು ಚಡಪಡಿಸಿ ಕೊನೆಗೆ ಬಾಯಿಬಿಟ್ಟಳು.

"ನೋಡಮ್ಮ, ನಿನ್ನ ಹತ್ರ ಸುಳ್ಳು ಹೇಳಬಾರ್ದು. ನನ್ನ ಮತ ನಿನಗೆ ಬಿದ್ದಿಲ್ಲ. ಸಭೆಗೆ ವಾರ ಮೊದಲೇ ಆ ವಕೀಲನಿಗೆ ಹಾಕಿ ಕಳಿಸ್ಬಿಟ್ಟಿದ್ದೆ. ಅವರ ಅತ್ತೆ ನಮ್ಮ ಚರ್ಚಲ್ಲಿ ಆರ್ಗನ್ ನುಡಿಸ್ತಿದ್ಲು."

ಲೌರಿ ಕೈಲಿದ್ದ ಕಪ್ಪು ಕೆಳಗಿಟ್ಟು ನಗತೊಡಗಿದಳು. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು ಬಂತು. ಟೆಗ್ವೆನ್‌ಗೂ ನಗು ತಡೆಯಲಾಗಲಿಲ್ಲ. ಅವಳು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಇಬ್ಬರೂ ಬಾವಿ ತೋಡುವ ವಿಚಾರ, ಸಾರಿಗೆ ಹಾಕುವ ಉಪ್ಪಿನ ವಿಚಾರ ಮಾತಾಡುತ್ತ ಕೂತರು. ಪಕ್ಷದ ಮಾತು ಎತ್ತಲೇ ಇಲ್ಲ. ನಾನು ಇನ್ನೊಂದು ಸಿಹಿರೊಟ್ಟಿ ತೆಗೆದುಕೊಂಡು ಸುಮ್ಮನೆ ಕೇಳುತ್ತಿದ್ದೆ.